ಮೊದಲ ಪಾಠ ಬಂದವರದು

ಜೂನ್ ತಿಂಗಳ ಮೂರನೇ ಸೋಮವಾರ, ಬೆಳಿಗ್ಗೆ ಎಂಟೂವರೆ. ಸ್ಥಳ: ಕಲಬುರಗಿಯ ಖೂಬಾ ಪ್ಲಾಟಿನಲ್ಲಿರುವ ನನ್ನ ಮನೆಯ ಬಾಗಿಲು. ಹಾಜರಿದ್ದವರು: ನಿವೃತ್ತ ಮುಖ್ಯಶಿಕ್ಷಕಿಯಾದ ನಾನು, ಎರಡು ಓಣಿ ಆಚೆಗಿನ ನನ್ನ ಕಿರಿಯ ಸಹೋದ್ಯೋಗಿ ಮತ್ತು ಅವಳ ಅತ್ತೆ. ಆಟೋದವನೂ ಇದ್ದ, ಹಾರ್ನ್ ಒತ್ತಿದ್ದು ಬಿಟ್ಟರೆ ಅವನು ಚರ್ಚೆಯಲ್ಲಿ ಭಾಗವಹಿಸಲಿಲ್ಲ.

ಇಷ್ಟು ವರ್ಷ ಸಭೆಗಳ ನಡಾವಳಿ ಬರೆದ ಕೈ ಇದು. ಬೇರೆ ರೀತಿಯಲ್ಲಿ ಶುರು ಮಾಡಲು ನನಗೆ ಬರುವುದಿಲ್ಲ.

ನಾವು ಹೊರಟಿದ್ದು ಕೌನ್ಸೆಲಿಂಗಿಗೆ. ಸಿಆರ್‌ಪಿ ಪರೀಕ್ಷೆ ಪಾಸಾದ ಶಿಕ್ಷಕರು ಅಂದು ತಮ್ಮ ತಮ್ಮ ಕ್ಲಸ್ಟರನ್ನು ಆರಿಸಿಕೊಳ್ಳಬೇಕಿತ್ತು. ಇಲಾಖೆಯ ಹೊರಗಿನವರಿಗಾಗಿ ಇಲ್ಲೇ ಹೇಳಿಬಿಡುತ್ತೇನೆ. ಅಕ್ಕಪಕ್ಕದ ಊರುಗಳ ಕೆಲವು ಶಾಲೆಗಳನ್ನು ಸೇರಿಸಿ ಒಂದು ಕ್ಲಸ್ಟರ್ ಮಾಡುತ್ತಾರೆ. ಆ ಗುಂಪಿಗೆ ಒಬ್ಬ ಸಿಆರ್‌ಪಿ. ಅವರು ಸಾಹೇಬರೂ ಅಲ್ಲ, ತರಗತಿಯ ಮಾಸ್ತರರೂ ಅಲ್ಲ. ಶಾಲೆಯಿಂದ ಶಾಲೆಗೆ ಹೋಗಿ, ಪಾಠ ಮಾಡುವವರ ಜೊತೆ ಕುಳಿತು, ಆ ಪಾಠ ಇನ್ನಷ್ಟು ಚೆನ್ನಾಗಿ ಆಗಲು ನೆರವಾಗಬೇಕು. ಕಮಲಾಪುರದ ಕಡೆ ನಾನು ಆ ಕೆಲಸವನ್ನು ಬಹಳ ವರ್ಷ ಮಾಡಿದ್ದೇನೆ.

ನಾನು ಆಟೋ ಹತ್ತಿದ್ದಕ್ಕೆ ಹಿಂದಿನ ದಿನದ ಕಾರಣವಿತ್ತು. ಭಾನುವಾರ ನನ್ನ ಸಂಜೆಯ ಚಹಾದ ಹೊತ್ತಿಗೆ ಅವಳ ಅತ್ತೆ ಬಂದರು. ಸೆರಗಿನಿಂದ ಮುಖ ಒರೆಸಿಕೊಂಡು ನೇರವಾಗಿ ವಿಷಯಕ್ಕೆ ಬಂದರು.

"ಅಕ್ಕೋರ, ನಾಳಿ ಆಕಿ ಸಂಗಟ ನೀವೂ ಬರ್ಬೇಕು ನೋಡ್ರಿ. ನಮ್ಮ ಮಾತು ಆಕಿ ಕಿವಿಗಿ ಹೋಗಂಗಿಲ್ಲ. ಸೇಡಂ ರೋಡಿಂದು ತಗೋ ಅಂತ ನೀವು ಒಂದ್ ಮಾತ ಹೇಳ್ರಿ, ಸಾಕು."

ಅವರು ಹೋಗಿ ಲೋಟ ತೊಳೆದಿಡುವಷ್ಟರಲ್ಲಿ ಸೊಸೆ ಬಂದಳು. "ಮೇಡಂ, ನಾಳಿ ನೀವು ಬಂದ್ರ ಚೊಲೋ ಆಗ್ತದ್ರಿ. ಕಮಲಾಪುರ ಅಂದ್ರ ಅತ್ತಿಗಿ ಪರದೇಶ ಅನಸ್ತದ. ಅಲ್ಲಿ ಕೆಲಸ ಹೆಂಗ ಇರ್ತದ ಅಂತ ನೀವು ಒಂದ್ ಮಾತ ಹೇಳ್ರಿ."

ಇಬ್ಬರಿಗೂ ನಾನು ಕೊಟ್ಟ ಉತ್ತರ ಒಂದೇ: ಬರುತ್ತೇನೆ. ಅದಕ್ಕಿಂತ ಹೆಚ್ಚು ಏನನ್ನೂ ಒಪ್ಪಿಕೊಳ್ಳಲಿಲ್ಲ. ಹಾಸ್ಟೆಲಿನಲ್ಲಿ ಗಂಟೆಯ ಮೇಲೆ ಎದ್ದು ಗಂಟೆಯ ಮೇಲೆ ಮಲಗಿ ಬೆಳೆದವಳಿಗೆ ಒಪ್ಪಿಕೊಂಡಿದ್ದನ್ನು ಮಾಡದೆ ಇರಲಾಗುವುದಿಲ್ಲ. ಆದ್ದರಿಂದ ಒಪ್ಪಿಕೊಳ್ಳುವುದರಲ್ಲೇ ನಾನು ಜಿಪುಣಿ.

ಅತ್ತೆಯ ಕಾರಣವನ್ನು ತಳ್ಳಿಹಾಕುವಂತಿರಲಿಲ್ಲ. ನಾನು ಆ ಕಡೆಯಿಂದ ಬಂದ ಮೇಲೆ ಸೊಸೆ ಹಲವು ವರ್ಷ ಕಮಲಾಪುರದ ಹತ್ತಿರದ ಒಂದು ಹಳ್ಳಿ ಶಾಲೆಯಲ್ಲಿದ್ದಳು. ಅಲ್ಲಿ ಕಾಯಂ ಮುಖ್ಯಶಿಕ್ಷಕರು ಇರಲಿಲ್ಲ. ಹಿರಿಯಳೆಂದು ಅವಳಿಗೇ ಪ್ರಭಾರ ಕೊಟ್ಟಿದ್ದರು. ಸಂಜೆ ಮನೆಗೆ ಬರುವಾಗ ದೀಪ ಹಚ್ಚಿ ಆಗಿರುತ್ತಿತ್ತು. ಹೋದ ವರ್ಷ ವರ್ಗವಾಗಿ ನಗರದ ಶಾಲೆಗೆ ಬಂದಳು. ಅಂದಿನಿಂದ ದಿನಾ ಸಂಜೆ ಮಗಳನ್ನು ಎದುರಿಗೆ ಕೂರಿಸಿಕೊಂಡು ಗಣಿತ ಹೇಳಿಕೊಡುತ್ತಿದ್ದಳು. ಒಂಬತ್ತನೆಯ ತರಗತಿಯಲ್ಲಿ ಜಾರುತ್ತಿದ್ದ ಹುಡುಗಿ ದಡ ಸೇರಿದ್ದಳು. ಈ ವರ್ಷ ಹತ್ತನೆಯ ತರಗತಿ. ಸೇಡಂ ರಸ್ತೆಯಂಥ ನಗರದ ಕ್ಲಸ್ಟರ್ ತೆಗೆದುಕೊಂಡರೆ ತಾಯಿ ಐದೂವರೆಗೆ ಮನೆಯಲ್ಲಿ. ಕಮಲಾಪುರದ್ದಾದರೆ ಒಳ ಊರುಗಳ ಬಸ್ಸು ಯಾವಾಗ ಸಿಗುತ್ತದೋ ಆವಾಗ. ಅಜ್ಜಿಯ ಚಿಂತೆ ಮೊಮ್ಮಗಳ ಗಣಿತದ್ದು.

ಒಂಬತ್ತಕ್ಕೆ ತರಬೇತಿ ಕೇಂದ್ರ ತಲುಪಿದೆವು. ಅಭ್ಯರ್ಥಿಗಳು ಸಭಾಂಗಣದೊಳಗೆ, ಜೊತೆಗೆ ಬಂದವರು ವರಾಂಡದ ಬೆಂಚಿನ ಮೇಲೆ. ಬಾಗಿಲಿನಿಂದ ಒಳಗಿನ ಪರದೆ ಕಾಣುತ್ತಿತ್ತು. ಕ್ಲಸ್ಟರುಗಳ ಹೆಸರು ಸಾಲಾಗಿ ಬಂದಿದ್ದವು. ಯಾರಾದರೂ ಆರಿಸಿಕೊಂಡ ಕೂಡಲೇ ಆ ಸಾಲು ಹಸಿರಾಗುತ್ತಿತ್ತು. ಮೊದಲು ನಗರದವು ಬಹುಪಾಲು ಹಸಿರಾದವು. ಆಮೇಲೆ ರೈಲು ನಿಲ್ಲುವ ಊರುಗಳು. ಆಮೇಲೆ ಹೆದ್ದಾರಿಯ ಮಗ್ಗುಲಿನವು. ಕಮಲಾಪುರ ತಾಲ್ಲೂಕಿನ ಒಳ ಕ್ಲಸ್ಟರುಗಳು ಬೆಳ್ಳಗೆ ಹಾಗೇ ಉಳಿದಿದ್ದವು.

ಕಾಗದದಲ್ಲಿ ಯಾವ ಅನ್ಯಾಯವೂ ಇಲ್ಲ. ನಗರದ ಕ್ಲಸ್ಟರಿಗೂ ಒಬ್ಬರು, ತಾಂಡಾದ ಕ್ಲಸ್ಟರಿಗೂ ಒಬ್ಬರು. ಆದರೆ ಕೊನೆಯವರೆಗೂ ಬೆಳ್ಳಗೆ ಉಳಿದ ಸಾಲುಗಳನ್ನು ಪಕ್ಕದ ಕ್ಲಸ್ಟರಿನವರಿಗೆ ಹೆಚ್ಚುವರಿ ಪ್ರಭಾರವೆಂದು ಬರೆಯುತ್ತಾರೆ. ಪಾಪ, ಅವರಿಗೆ ತಮ್ಮ ಶಾಲೆಗಳನ್ನು ಮುಟ್ಟಲೇ ಹೊತ್ತು ಸಾಲುವುದಿಲ್ಲ. ನಾನು ಬಿಟ್ಟುಬಂದ ಮೇಲೆ ನನ್ನ ಶಾಲೆಗಳ ಗತಿಯೂ ಅದೇ ಆಯಿತು. ಸಿಆರ್‌ಪಿ ಅಲ್ಲಿಗೆ ಹೋಗುವ ಬದಲು ಶಿಕ್ಷಕರೇ ಮಾಹಿತಿ ಹಾಳೆ ಹಿಡಿದು ನಗರಕ್ಕೆ ಬರತೊಡಗಿದರು. ಹಾಳೆಗಳೇನೋ ಸರಿಯಾಗಿ ತಲುಪಿದವು.

ಅತ್ತೆ ಡಬ್ಬಿ ಬಿಚ್ಚಿದರು. ಮಂಡಕ್ಕಿ ಒಗ್ಗರಣೆಯ ಸೂಸಲಾ, ಮೇಲೆ ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ. ಸೊಸೆ ಒಳಗೆ ಹಾಜರಿ ಹಾಕಿ ನಮ್ಮ ಬಳಿ ಬಂದು ಕುಳಿತಳು. ಸರದಿ ಬರಲು ಇನ್ನೂ ತಡವಿತ್ತು.

"ಸುಮ್ ಕುಂತ್ರ ಹೊತ್ತು ಹೋಗಂಗಿಲ್ಲ. ಅಕ್ಕೋರ, ನೀವರ ಏನಾರ ಮಾತಾಡ್ರಿ," ಎಂದರು ಅತ್ತೆ. "ಕಮಲಾಪುರದಾಗ ಏನ್ ಮಾಡ್ತಿದ್ರಿ ನೀವು, ದಿನಾ ಬಸ್ ಹತ್ತಿ?"

ಕೇಳಿದ್ದು ಪರೀಕ್ಷಿಸಲೆಂದೇ ಇರಬೇಕು. ನಾನು ಮಾತ್ರ ಅದನ್ನು ಮರೆತು ಹೇಳತೊಡಗಿದೆ.

ಆಗ ಕಮಲಾಪುರ ಇನ್ನೂ ತಾಲ್ಲೂಕಾಗಿರಲಿಲ್ಲ. ಎಲ್ಲವೂ ಕಲಬುರಗಿಯ ಕಚೇರಿಗೇ ಸೇರಿತ್ತು. ಬೆಳಿಗ್ಗೆ ಹುಮನಾಬಾದ್ ಕಡೆಯ ಬಸ್ಸು ಹಿಡಿಯುತ್ತಿದ್ದೆ. ಊರು ದಾಟಿ ಸ್ವಲ್ಪ ದೂರ ಕರಿ ಮಣ್ಣು, ತೊಗರಿ ಹೊಲ. ಆಮೇಲೆ ನೆಲ ಮೆಲ್ಲಗೆ ಏರಿ ಮಣ್ಣು ಕೆಂಪಾಗುತ್ತಿತ್ತು. ಕಿಟಕಿಯ ಪಕ್ಕ ಕುಳಿತರೆ ಸೀರೆಯ ಸೆರಗಿಗೆ ಕೂತ ಧೂಳಿನ ಬಣ್ಣ ನೋಡಿಯೇ ಎಲ್ಲಿಗೆ ಬಂದೆನೆಂದು ಹೇಳಬಹುದಿತ್ತು. ಕಮಲಾಪುರದ ನಿಲ್ದಾಣದಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿಗಳು. ಅಲ್ಲಿಂದ ಮುಂದೆ ಮಂದಿ ತುಂಬಿಕೊಳ್ಳುವ ಟಂಟಂ ಆಟೋ ಸಿಕ್ಕರೆ ಅದು, ಇಲ್ಲದಿದ್ದರೆ ಕಾಲು.

ನಾನು ಮೊದಲ ದಿನ ಹೋದ ಶಾಲೆಯ ಮುಖ್ಯಗುರುಗಳು ಹಳೆಯ ಹೈದರಾಬಾದ್ ಕಾಲದ ಸಾಲೆಯಲ್ಲಿ ಓದಿದವರು. ಬಿಳಿ ಅಂಗಿ, ಕರಿ ಟೋಪಿ, ಮಾತಿನಲ್ಲಿ ಅರ್ಧ ಉರ್ದು. ನಾನು ಆದೇಶದ ಪ್ರತಿ ಚಾಚಿದೆ. ಅವರು ಅದನ್ನು ಓದದೆ ಜೇಬಿಗೆ ಇಟ್ಟುಕೊಂಡರು.

"ಬರ್ರಿ ಬರ್ರಿ, ತಶ್ರೀಫ್ ಇಡ್ರಿ," ಎಂದರು. ನಾನು ಕುರ್ಚಿಯ ಕಡೆ ತಿರುಗಿದೆ. "ಅಲ್ಲಲ್ಲ, ಕುರ್ಚಿ ಮ್ಯಾಲ ಅಲ್ರಿ. ಹಲಗಿ ಮುಂದ." ನನ್ನ ಕೈಗೆ ಸುಣ್ಣದ ಕಡ್ಡಿ ಕೊಟ್ಟರು. "ನಮ್ಮ ಸಾಲ್ಯಾಗ ಒಂದು ದಸ್ತೂರ್ ಅದ. ಮೊದಲನೇ ಪಾಠ ಬಂದವರದು. ನೀವು ಮಾಡಿ ತೋರಸ್ರಿ, ನಮ್ಮ ಮಾಸ್ತರ್ ಮಂದಿ ಹಿಂದ ಕುಂತು ನೋಡ್ತಾರ. ಆಮ್ಯಾಲ ಚಾ. ಚಾದಾಗ ಅವ್ರು ನಿಮಗ ಒಂದ್ ಮಾತ ಹೇಳ್ತಾರ, ಒಂದೇ. ನಾಳಿಂದ ನೀವು ಅವ್ರಿಗಿ ಹೇಳ್ರಿ, ಎಷ್ಟರ ಹೇಳ್ರಿ."

ತರಬೇತಿಯಲ್ಲಿ ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಒಂದನೆಯ ತರಗತಿಗೆ ಹೋದೆ. ಅರ್ಧ ಮಕ್ಕಳು ತಾಂಡಾದವರು, ಮನೆಯಲ್ಲಿ ಲಂಬಾಣಿ ಮಾತು. ನಾನು ಚಿತ್ರಪಟ ತೂಗುಹಾಕಿ ಶುದ್ಧ ಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಕೇಳಿದೆ. ಮಕ್ಕಳು ನನ್ನನ್ನು ನೋಡಿದರು, ನಾನು ಮಕ್ಕಳನ್ನು ನೋಡಿದೆ. ನಿಗದಿತ ಅವಧಿಯಲ್ಲಿ ಪಾಠ ಮುಗಿಸಿದೆ ಎಂಬ ತೃಪ್ತಿ ಮಾತ್ರ ನನ್ನದಾಗಿತ್ತು. ಚಹಾದ ಹೊತ್ತಿಗೆ ಹಿಂದಿನ ಬೆಂಚಿನಲ್ಲಿದ್ದ ಮಾಸ್ತರರೊಬ್ಬರು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಳ್ಳುತ್ತ ತಮ್ಮ ಪಾಲಿನ ಒಂದು ಮಾತು ಹೇಳಿದರು.

"ಪಾಠ ಚೊಲೋನೇ ಇತ್ರಿ. ಆದ್ರ ಮಕ್ಕಳು ಹಲಗಿ ನೋಡಲಿಲ್ಲ, ನಿಮ್ಮ ಗಡಿಯಾರ ನೋಡಿದ್ರು. ನೀವು ಅದನ್ನೇ ನೋಡಾಕತ್ತಿದ್ರಿ, ಅದರಾಗ ಏನರ ಮಜಾ ಇರ್ಬೇಕಂತ."

ಮರುದಿನದಿಂದ ತರಗತಿಯೊಳಗೆ ಹೋಗುವ ಮುನ್ನ ಗಡಿಯಾರ ಬಿಚ್ಚಿ ಚೀಲಕ್ಕೆ ಹಾಕುವುದು ರೂಢಿಯಾಯಿತು. ದಸ್ತೂರನ್ನೂ ನನ್ನ ಜೊತೆ ಉಳಿದ ಶಾಲೆಗಳಿಗೆ ಒಯ್ದೆ. ಹೊಸ ಶಾಲೆಗೆ ಹೋದರೆ ಮೊದಲ ಪಾಠ ನನ್ನದು. ಯಾರ ತರಗತಿಯಲ್ಲಿ ನಾನು ನಿಂತು ಪಾಠ ಮಾಡಿಲ್ಲವೋ ಅವರಿಗೆ ಹೀಗೆ ಮಾಡಿ, ಹಾಗೆ ಮಾಡಿ ಎಂದು ಹೇಳುವ ಹಕ್ಕು ನನಗಿಲ್ಲ. ತಿಂಗಳ ಸಭೆಯೂ ಹಾಗೆಯೇ. ಒಂದೊಂದು ತಿಂಗಳು ಒಂದೊಂದು ಶಾಲೆಯಲ್ಲಿ, ಕಚೇರಿ ಕೋಣೆಯಲ್ಲಲ್ಲ, ತರಗತಿಯಲ್ಲಿ, ಮಕ್ಕಳ ಜೊತೆ. ಮಧ್ಯಾಹ್ನ ಎಲ್ಲರ ಬುತ್ತಿಯೂ ಒಂದೇ ಹಾಸಿನ ಮೇಲೆ. ಪುಂಡಿ ಪಲ್ಯ ಯಾರದು, ಶೇಂಗಾ ಹಿಂಡಿ ಯಾರದು ಎಂದು ನಾವು ರುಚಿಯಿಂದಲೇ ಗುರುತಿಸುತ್ತಿದ್ದೆವು.

"ಎಲ್ಲಾರೂ ಹಂಗ ಚೊಲೋ ಇದ್ರೇನ್ರಿ?" ಅತ್ತೆ ಕೇಳಿದರು.

ಎಲ್ಲಿ! ಒಂದು ಶಾಲೆಯ ಮಾಸ್ತರರು ನಾನು ಬರುವ ಸುದ್ದಿ ಸಿಕ್ಕ ಕೂಡಲೇ ಸಿದ್ಧವಾಗುತ್ತಿದ್ದರು. ಯಾವಾಗ ಹೋದರೂ ನಾಲ್ಕನೆಯ ತರಗತಿ, ಯಾವಾಗ ಹೋದರೂ ಸಸ್ಯದ ಭಾಗಗಳು. ಮೇಜಿನ ಮೇಲೆ ಬೇರು ಸಮೇತ ಕಿತ್ತ ಒಂದು ಗಿಡ. ಒಮ್ಮೆ ಅವರು "ಮಕ್ಕಳೇ, ಇವತ್ತು ನಾವು" ಎನ್ನುವಷ್ಟರಲ್ಲಿ ಇಡೀ ತರಗತಿ ಒಂದೇ ಉಸಿರಿನಲ್ಲಿ "ಬೇರು, ಕಾಂಡ, ಎಲಿ, ಹೂವು, ಹಣ್ಣು, ಬೀಜ ರೀ!" ಎಂದು ಮುಗಿಸಿತು. ಮಾಸ್ತರರ ಬಾಯಿ ಹಾಗೇ ತೆರೆದಿತ್ತು. ನನ್ನ ಪಕ್ಕದಲ್ಲಿ ಕುಳಿತವನಿಗೆ ಆಗಲೇ ಚಿಗುರು ಮೀಸೆ. ಯಾವ ತರಗತಿಯಪ್ಪಾ ಎಂದು ಮೆಲ್ಲಗೆ ಕೇಳಿದೆ. "ಆರನೇತ್ತಾರಿ. ನೀವು ಬರೂ ದಿನ ಇಲ್ಲಿ ಕರೀತಾರ್ರಿ. ನನಗ ಚೊಲೋ ಬರ್ತದ ಅಂತ," ಎಂದು ಹೆಮ್ಮೆಯಿಂದ ಹೇಳಿದ.

ಅತ್ತೆ ನಕ್ಕ ರಭಸಕ್ಕೆ ಡಬ್ಬಿಯ ಮುಚ್ಚಳ ಉರುಳಿ ಅಭ್ಯರ್ಥಿಗಳ ಕಾಲಡಿ ಹೋಯಿತು. ಒಳಗಿನಿಂದ ಯಾರೋ "ಶ್ಶ್" ಎಂದರು. ಸೊಸೆ ಮಾತ್ರ ನಗಲಿಲ್ಲ.

"ನಿಮಗ ನಗೂ ಬರ್ತದ ಅತ್ತೀ," ಎಂದಳು. "ನಾ ಅಲ್ಲಿದ್ದಷ್ಟು ವರ್ಷ ನನ್ನ ಪಾಠ ಯಾರೂ ಬಂದು ನೋಡಿಲ್ರಿ. ಬಿಸಿಯೂಟದ ಲೆಕ್ಕ ಕೇಳಿದ್ರು, ಶೌಚಾಲಯದ ಫೋಟೋ ಕೇಳಿದ್ರು. ಚೊಲೋ ಕಲಸಾಕತ್ತೀನೋ ಕೆಡಸಾಕತ್ತೀನೋ ಅಂತ ಹೇಳಾವ್ರೇ ಇಲ್ಲ."

"ನಲವತ್ತು ವರ್ಷ ಆಯ್ತು, ನನ್ನ ಅಡಗಿ ಚೊಲೋ ಆಗೇದ ಅಂತ ಯಾರರ ಹೇಳ್ಯಾರೇನು?" ಅತ್ತೆ ತಕ್ಷಣ ಹೇಳಿದರು. "ಆದ್ರೂ ಮಾಡಾಕತ್ತೀನಲ್ಲ."

"ಉಪ್ಪು ಹೆಚ್ಚಾದ್ರ ಹೇಳ್ತಾರಲ್ರಿ. ನಮಗ ಅದನ್ನೂ ಹೇಳಾವ್ರಿಲ್ಲ."

ಅತ್ತೆ ಎದ್ದು ಹೋಗಿ ಉರುಳಿದ ಮುಚ್ಚಳ ತಂದರು. ಒರೆಸಿ ಡಬ್ಬಿಗೆ ಒತ್ತಿ ಹಾಕಿದರು.

ಪರದೆಯ ಮೇಲೆ ಇನ್ನೆರಡು ಸಾಲು ಹಸಿರಾದವು. ನಗರದವುಗಳಲ್ಲಿ ಸೇಡಂ ರಸ್ತೆಯ ಕ್ಲಸ್ಟರ್ ಮಾತ್ರ ಹೇಗೋ ಇನ್ನೂ ಬಿಳಿಯಾಗಿಯೇ ಇತ್ತು. ಅದನ್ನು ನೋಡಿ ಅತ್ತೆಯ ಬೆನ್ನು ನೆಟ್ಟಗಾಯಿತು. ಸೊಸೆಗಿಂತ ಒಂದು ಸರದಿ ಮೊದಲಿನವರನ್ನು ಮೇಜಿನ ಬಳಿ ಕರೆದರು. ಹೊತ್ತು ಹತ್ತಿರ ಬಂತು. ಅತ್ತೆ ಬೆಂಚಿನ ಮೇಲೆ ಸರಿದು ನನ್ನ ಕಡೆ ತಿರುಗಿದರು.

"ಈಗ ಹೇಳ್ರಿ ಅಕ್ಕೋರ. ಸುತ್ತ ಬಳಸ ಬ್ಯಾಡ್ರಿ. ಆಕಿ ಯಾವ್ದು ತಗೋಬೇಕು?"

ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಬರುತ್ತೇನೆ ಎಂದಿದ್ದೆ, ಬಂದಿದ್ದೆ. ಈಗ ಅಷ್ಟಕ್ಕೇ ನಿಲ್ಲುವಂತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಖರೇ ಹೇಳ್ತೀನಿ, ಕೇಳ್ರಿ. ತಕ್ಲೀಫ್ ಅದ. ಮಳಿಗಾಲದಾಗ ಒಳಗಿನ ಊರಿಗಿ ಬಸ್ ಬರಂಗಿಲ್ಲ. ಸಾಹೇಬ್ರು ನಮಗ ಮಾಸ್ತರ್ ಅಂತಾರ, ಮಾಸ್ತರ್ ಮಂದಿ ನಮಗ ಸಾಹೇಬ್ರು ಅಂತಾರ. ಯಾರ ಕಡಿಗೂ ಸೇರಂಗಿಲ್ಲ. ನನ್ನ ಮಣಕಾಲು ಅಲ್ಲೇ ಹೋದ್ವು. ಸೇಡಂ ರೋಡಿಂದು ಆರಾಮದ. ಆದ್ರ ಅದು ಇವತ್ತಿಲ್ಲ ನಾಳಿ ಯಾರರ ತಗೋತಾರ. ಕಮಲಾಪುರದ್ದು ಆಕಿ ತಗೊಳ್ಳಿಲ್ಲಂದ್ರ ಯಾರೂ ತಗೊಳ್ಳಂಗಿಲ್ಲ. ಆಕಿಗಿ ಮನಸೂ ಅದ. ಕಮಲಾಪುರದ್ದೇ ತಗೊಳ್ಲಿ."

ಸೊಸೆಯ ಕಣ್ಣು ಅರಳಿತು. ಅತ್ತೆ ನನ್ನನ್ನೇ ದಿಟ್ಟಿಸಿದರು. ಸಿಟ್ಟಾದರೆಂದು ನಾನು ತಿಳಿದೆ. ಅವರು ಸಿಟ್ಟಾಗಿರಲಿಲ್ಲ, ನನ್ನ ಮಾತುಗಳನ್ನೇ ಒಂದಕ್ಕೊಂದು ಜೋಡಿಸುತ್ತಿದ್ದರು.

"ಆಯ್ತ್ರಿ," ಎಂದರು. "ಈಗ ಏನಂದ್ರಿ ನೀವು? ಮೊದಲನೇ ಪಾಠ ಬಂದವರದು. ಮಾಡಿ ತೋರಸಲಾರದೆ ಮಂದಿಗಿ ಹೇಳೂ ಹಕ್ಕಿಲ್ಲ. ಹಂಗ ಅಂದ್ರಿಲ್ಲೋ?"

"ಅಂದೆ."

"ನಮ್ಮ ಮನಿ ವಿಚಾರದಾಗ ಬಂದವ್ರು ನೀವು. ಹಿಂಗ ಮಾಡ್ರಿ ಅಂತ ಹೇಳಿದ್ರಿ. ಹಂಗಾರ ಮೊದಲ ಪಾಠ ನಿಮ್ಮದು. ಆಕಿ ಕಮಲಾಪುರಕ್ಕ ಹೋಗ್ಲಿ, ನನ್ನ ಮೊಮ್ಮಗಳಿಗಿ ಸಂಜಿ ಗಣಿತ ನೀವು ಕಲಸ್ರಿ. ಪರೀಕ್ಷಾ ಮುಗಿಯೂತನಕ. ನಾ ಹಿಂದ ಕುಂತು ನೋಡ್ತೀನಿ."

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅತ್ತೀ, ಹಂಗ ಯಾರಿಗರ ಅಂತಾರೇನ್ರಿ? ಮೇಡಂ ವಯಸ್ಸಿಗರ..."

"ನೀ ಸುಮ್ ಇರವ್ವ. ನಾ ಅಕ್ಕೋರ ಸಂಗಟ ಮಾತಾಡಾಕತ್ತೀನಿ."

ನನ್ನ ಸಂಜೆಯ ವೇಳಾಪಟ್ಟಿ ನನಗೆ ಕಣ್ಣಿಗೆ ಕಟ್ಟಿತು. ಆರಕ್ಕೆ ನಡಿಗೆ, ಆಮೇಲೆ ಕೈಕಾಲು ತೊಳೆದು ದೀಪ, ವಾರ್ತೆ, ರೊಟ್ಟಿ. ನಿವೃತ್ತಿಯಾದ ದಿನದಿಂದ ಅದರಲ್ಲಿ ಒಂದು ಚೂರೂ ಬದಲಾಗಿರಲಿಲ್ಲ. ಅದೂ ಅಲ್ಲದೆ ನಾನು ಪ್ರಾಥಮಿಕ ಶಾಲೆಯವಳು. ಹತ್ತನೆಯ ತರಗತಿಯ ಗಣಿತವನ್ನು ಬಿಟ್ಟು ಎಷ್ಟು ಕಾಲವಾಯಿತೋ. ಬೇಡ ಎನ್ನಲು ಎರಡೂ ಒಳ್ಳೆಯ ಕಾರಣಗಳು. ಆದರೆ ದಸ್ತೂರು ದಸ್ತೂರೇ. ನನಗೆ ಒಪ್ಪುವ ಕಡೆ ಮಾತ್ರ ನಡೆಯುತ್ತದೆ ಎಂದರೆ ಇಷ್ಟು ವರ್ಷ ಅದನ್ನು ಊರೂರಿಗೆ ಹೊತ್ತು ತಿರುಗಿದ್ದು ಯಾತಕ್ಕೆ?

"ಆಯ್ತು. ಸಂಜಿ ಆರಕ್ಕ ಕಳಸ್ರಿ. ಆದ್ರ ನೀವು ಹಿಂದ ಕೂಡೂದು ಬ್ಯಾಡ," ಎಂದೆ. "ಭಾನುವಾರ ರಜಾ."

"ಭಾನುವಾರ ಯಾಕ ಬಿಡ್ತೀರಿ? ಭಾನುವಾರ ಟೆಸ್ಟ್ ಇಟ್ಕೋರಿ."

ಅಷ್ಟರಲ್ಲಿ ಒಳಗಿನಿಂದ ಸೊಸೆಯ ಸರದಿಯನ್ನು ಕೂಗಿದರು. ಎದ್ದಳು. ಸೀರೆಯ ನೆರಿಗೆ ಸರಿಮಾಡಿಕೊಂಡು ಒಳಗೆ ಹೋದಳು. ಮೇಜಿನ ಹಿಂದಿದ್ದ ಅಧಿಕಾರಿ ಪರದೆ ನೋಡಿ, "ಸೇಡಂ ರಸ್ತೆದು ಇನ್ನೂ ಖಾಲಿ ಅದ ಮೇಡಂ, ನಸೀಬು ಚೊಲೋ ಅದ ನಿಮ್ದು," ಎಂದದ್ದು ನಮಗೂ ಕೇಳಿಸಿತು. ಅತ್ತೆ ನನ್ನ ಮಣಿಕಟ್ಟು ಹಿಡಿದರು. ಸೊಸೆ ಬಾಗಿ ಏನೋ ಹೇಳಿದಳು. ಅಧಿಕಾರಿ ಮತ್ತೊಮ್ಮೆ ಕೇಳಿದರು. ಅವಳು ಮತ್ತೊಮ್ಮೆ ಹೇಳಿದಳು. ಪರದೆಯ ಕೆಳಗಿನ ಮೂಲೆಯಲ್ಲಿ, ಸುತ್ತಲೂ ಬಿಳಿಯಾಗಿದ್ದ ಕಡೆ, ಒಂದು ಸಾಲು ಹಸಿರಾಯಿತು. ಹಿಂದಿದ್ದ ಯುವಕನೊಬ್ಬ ನಿಟ್ಟುಸಿರುಬಿಟ್ಟು ನಕ್ಕ. ಸೇಡಂ ರಸ್ತೆ ಅವನ ಪಾಲಿಗೆ ಬಂದಿತ್ತು.

ಮಧ್ಯಾಹ್ನಕ್ಕೆ ಮುಂಚೆಯೇ ಆದೇಶ ಕೈಗೆ ಸಿಕ್ಕಿತು. ಇವತ್ತೇ ಹೋಗಿ ಹಾಜರಾಗಿಬಿಡು ಎಂದೆ ನಾನು; ಇಂಥ ಕೆಲಸಗಳನ್ನು ನಾಳೆಗೆ ಇಡಬಾರದು. "ನಾನೂ ಬರ್ತೀನಿ," ಎಂದರು ಅತ್ತೆ. "ಸೊಸಿ ಎಲ್ಲಿ ಹೋಗ್ತಾಳ ಅಂತರ ನೋಡ್ತೀನಿ."

ಕೇಂದ್ರ ನಿಲ್ದಾಣದಲ್ಲಿ ಬಸ್ಸು ಹತ್ತಿದೆವು. ಈಗ ಹೆಂಗಸರಿಗೆ ಬಸ್ಸಿನಲ್ಲಿ ದುಡ್ಡಿಲ್ಲ. ಕಂಡಕ್ಟರ್ ಮೂರು ಚೀಟಿ ಹರಿದು ಕೊಟ್ಟು, "ಮೂರೂ ಮಂದಿ ಕಮಲಾಪುರೇನ್ರಿ? ಲಗ್ನಕ್ಕೇನು?" ಎಂದ. "ನೌಕ್ರಿಗಿ," ಎಂದರು ಅತ್ತೆ ಗಂಭೀರವಾಗಿ. ದಾರಿ ಅಗಲವಾಗಿದೆ, ಮರಗಳು ಕಡಿಮೆಯಾಗಿವೆ. ಆದರೂ ಮಣ್ಣು ಕೆಂಪಾಗುವ ಜಾಗ ಅದೇ. ಅಲ್ಲಿಗೆ ಬಂದಾಗ ಗೊತ್ತಿಲ್ಲದೆಯೇ ನಾನು ಚೀಲ ಹೆಗಲಿಗೆ ಏರಿಸಿಕೊಂಡು ಇಳಿಯಲು ಸಿದ್ಧಳಾಗಿದ್ದೆ. ಹಿಂದೆ ಹಾಗೇ ಮಾಡುತ್ತಿದ್ದೆ.

ನಿಲ್ದಾಣದಲ್ಲಿ ಅತ್ತೆ ಕೆಂಪು ಬಾಳೆಹಣ್ಣು ಕೊಂಡರು. ಸೊಸೆ ತಾಲ್ಲೂಕಿನ ಶಿಕ್ಷಣ ಕಚೇರಿಯಲ್ಲಿ ಹಾಜರಾತಿ ಪತ್ರ ಕೊಟ್ಟಳು. ಅಲ್ಲಿಂದ ಕ್ಲಸ್ಟರಿನ ಮುಖ್ಯ ಶಾಲೆಗೆ ಹೋದೆವು. ನನಗೆ ಸುಣ್ಣದ ಕಡ್ಡಿ ಕೊಟ್ಟಿದ್ದ ಶಾಲೆ ಅದೇ. ಆ ಮುಖ್ಯಗುರುಗಳು ಈಗಿಲ್ಲ. ಹೆಂಚಿನ ಛಾವಣಿ ಹೋಗಿ ಸಿಮೆಂಟಿನದು ಬಂದಿದೆ. ಸಿಆರ್‌ಪಿ ಕೋಣೆಯ ಬಾಗಿಲು ಪೂರ್ತಿ ತೆರೆಯಲಿಲ್ಲ. ಒಳಗೆ ಹಳೆಯ ಪಠ್ಯಪುಸ್ತಕಗಳ ಕಟ್ಟುಗಳು ಅಡ್ಡ ಬಿದ್ದಿದ್ದವು. ಈಗಿನ ಪ್ರಭಾರಿ ಮುಖ್ಯಶಿಕ್ಷಕರು ತರುಣರು. ಗಾಬರಿಯಿಂದ ಕುರ್ಚಿ ತರಿಸಹೊರಟರು.

ನಾನು ಏನೂ ಹೇಳಿಕೊಟ್ಟಿರಲಿಲ್ಲ. "ಕುರ್ಚಿ ಬ್ಯಾಡ್ರಿ ಸರ್," ಎಂದಳು ಅವಳು. "ನಾಕನೇತ್ತಾ ಕ್ಲಾಸ್ ಯಾವ ಕಡಿ? ಒಂದ್ ಪಾಠ ನಾ ಮಾಡ್ತೀನಿ. ನೀವೆಲ್ಲಾ ಹಿಂದ ಕುಂತು ನೋಡ್ರಿ. ಆಮ್ಯಾಲ ತಪ್ಪು ಏನಾಯ್ತು, ಒಂದ್ ಮಾತ ಹೇಳ್ರಿ."

ತರುಣ ಮುಖ್ಯಶಿಕ್ಷಕರಿಗೆ ಅರ್ಥವಾಗಲಿಲ್ಲ. ಆದರೂ ಬಂದು ಹಿಂದೆ ಕುಳಿತರು. ಆ ತರಗತಿಯ ಶಿಕ್ಷಕಿ, ನಾನು, ಅತ್ತೆ, ಎಲ್ಲರೂ ಮಕ್ಕಳ ನಡುವೆ ಮೊಣಕಾಲು ಮಡಚಿ ತೂರಿಕೊಂಡೆವು.

ಭಾಗಾಕಾರದ ಪಾಠ. ಅವಳು ಅತ್ತೆಯ ಚೀಲದಿಂದ ಬಾಳೆಹಣ್ಣು ತೆಗೆದು ಮೇಜಿನ ಮೇಲೆ ಇಟ್ಟಳು. ನಾಲ್ವರನ್ನು ಮುಂದೆ ಕರೆದು ಸಮನಾಗಿ ಹಂಚಲು ಹೇಳಿದಳು. ಹಂಚಿದ ಮೇಲೆ ಎರಡು ಹಣ್ಣು ಉಳಿದವು.

"ಈ ಎರಡು ಏನು ಮಾಡೋಣು?" ಎಂದು ಕೇಳಿದಳು. ತರಗತಿ ಯೋಚಿಸುತ್ತಿತ್ತು. ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆ ಎದ್ದಿತು, ಬಳೆಗಳ ಸಮೇತ.

"ಮನಿಗಿ ಒಯ್ಯಬೇಕು," ಎಂದರು ಅತ್ತೆ. "ಹಣ್ಣು ನಾ ತಂದೀನಿ."

ತರಗತಿ ಬಿದ್ದು ಬಿದ್ದು ನಕ್ಕಿತು. ಅವಳು ನಗು ತಡೆದುಕೊಂಡು ಶಿಕ್ಷಕಿಯ ದನಿಯಲ್ಲೇ, "ಅಜ್ಜಿ ಹೇಳಿದ್ದು ಬರಾಬರ್ ಅದ. ಹಂಚಿ ಮುಗಿದ ಮ್ಯಾಲ ಉಳಿದದ್ದಕ್ಕ ಏನಂತೀವಿ?" ಎಂದಳು. "ಶೇಷ ರೀ!" ಎಂಬ ಕೂಗು ಎದ್ದಿತು. ಅತ್ತೆ ನನ್ನ ಕಿವಿಯಲ್ಲಿ, "ಆಕಿ ಮನ್ಯಾಗ ಇಷ್ಟು ನಕ್ಕೋತ ಕಲಸಂಗಿಲ್ರಿ," ಎಂದರು.

ಪಾಠದ ನಂತರ ಬೇವಿನ ಮರದ ಕೆಳಗೆ ಚಹಾ. ಒತ್ತಾಯ ಮಾಡಿದ ಮೇಲೆ ಆ ತರಗತಿಯ ಶಿಕ್ಷಕಿ ಅಳುಕುತ್ತಲೇ ಹೇಳಿದಳು: "ಪಾಠ ಭಾಳ ಚೊಲೋ ಆಯ್ತ್ರಿ ಮೇಡಂ. ಖರೇ, ಕಿಡಕಿ ಕಡಿ ಸಾಲಿನವ್ರಿಗಿ ಒಂದೂ ಪ್ರಶ್ನೆ ಹೋಗಲಿಲ್ರಿ."

ನನ್ನ ಸಹೋದ್ಯೋಗಿಯ ಮುಖವನ್ನು ನಾನು ನೋಡುತ್ತಿದ್ದೆ. ಲೋಟ ಕೆಳಗಿಟ್ಟು, ತಿರುಗಿ ಆ ತರಗತಿಯ ಕಿಟಕಿಯನ್ನೇ ನೋಡಿದಳು. "ಹೌದಲ್ಲ," ಎಂದಳು. "ನನಗ ಗೊತ್ತೇ ಇರಲಿಲ್ಲ. ಹಿಂದಿನ ಸಾಲ್ಯಾಗೂ ಹಿಂಗೇ ಮಾಡಿರ್ಬೇಕು ನಾ." ಬೈಸಿಕೊಂಡವಳ ಮುಖವಾಗಿರಲಿಲ್ಲ ಅದು. ದಾರಿಯಲ್ಲಿ ಎರಡು ಸಲ ಅದನ್ನೇ ಹೇಳಿದಳು: ಕಿಟಕಿ ಕಡೆಯವರು, ಕಿಟಕಿ ಕಡೆಯವರು.

ಹಿಂತಿರುಗುವ ಬಸ್ಸಿನಲ್ಲಿ ಅತ್ತೆ ನಿದ್ದೆ ಹೋದರು. ನಾನು ಸೊಸೆಯ ಫೋನಿನಲ್ಲಿ ಹತ್ತನೆಯ ತರಗತಿಯ ಗಣಿತ ಪುಸ್ತಕ ತೆರೆಸಿಕೊಂಡು ಸಮಾಂತರ ಶ್ರೇಢಿಯ ಅಧ್ಯಾಯ ಓದಿದೆ. ಅಕ್ಷರ ಅಲುಗುತ್ತಿತ್ತು, ಆದರೂ ಎರಡನೆಯ ಓದಿಗೆ ಸೂತ್ರ ಹಿಡಿತಕ್ಕೆ ಬಂತು. ದಾರಿಯ ಅಂಗಡಿಯಲ್ಲಿ ಅದೇ ಪುಸ್ತಕ ಕೊಂಡು, ಮನೆಗೆ ಬಂದು ಕೈಕಾಲು ತೊಳೆದು ಐದು ಲೆಕ್ಕ ಬಿಡಿಸಿ ನೋಡಿದೆ. ಒಂದರಲ್ಲಿ ಸಿಕ್ಕಿಹಾಕಿಕೊಂಡೆ. ಮತ್ತೆ ಮೊದಲಿನಿಂದ ಮಾಡಿದೆ, ಬಂತು. ನಡಿಗೆಯ ಚಪ್ಪಲಿ ಬಾಗಿಲಲ್ಲೇ ಉಳಿಯಿತು.

ಆರಕ್ಕೆ ಹುಡುಗಿ ಬಂದಳು, ಚೀಲ ಹೆಗಲಿಗೆ, ಮುಖ ಗಂಟು.

"ಅಜ್ಜಿ, ನಿಮ್ಮ ಕಾಲದ ಗಣಿತ ಬ್ಯಾರೆ ಇರ್ತದಂತ. ನಮ್ಮದು ನಿಮಗ ಬರ್ತದೇನ್ರಿ?"

"ಇವತ್ತಿನ ಮಟ್ಟಿಗಿ ಬರ್ತದ. ನಾಳಿದು ನಾಳಿ ನೋಡ್ತೀನಿ. ಕೂಡು."

ಅವಳಿಗೆ ನಗು ಬಂತು, ತಡೆದುಕೊಂಡಳು. ಮೂರು ಲೆಕ್ಕ ಮಾಡಿಸಿದೆ. ಎರಡು ಸರಿ, ಒಂದು ತಪ್ಪು. ಸಾಮಾನ್ಯ ವ್ಯತ್ಯಾಸ ತೆಗೆಯುವಾಗ ಹಿಂದಿನ ಪದದಿಂದ ಮುಂದಿನದನ್ನು ಕಳೆದಿದ್ದಳು. ಎಲ್ಲಿ ತಪ್ಪಿದ್ದಾಳೆಂದು ನಾನು ಹೇಳಲಿಲ್ಲ. ಅವಳೇ ಹುಡುಕುವವರೆಗೆ ಎದುರಿಗೆ ಕುಳಿತೆ. ಹುಡುಕಿದಳು. ತಿದ್ದಿದಳು. ಏಳೂವರೆಗೆ ಅವಳನ್ನು ಓಣಿಯ ತಿರುವಿನವರೆಗೆ ಬಿಟ್ಟು ಬಂದು, ಮರುದಿನದ ನಾಲ್ಕು ಲೆಕ್ಕ ಬಿಡಿಸಿ ಪುಸ್ತಕ ಮುಚ್ಚಿದೆ.